50 ಮಿ.ಮೀ. ಅಂದರೆ ಎಷ್ಟು? ಶಾಸನದ ಫೋಟೋ, ಸೆನ್ಸರಿನ ಅಳತೆ ಮತ್ತು ನನ್ನದೊಂದು ತಪ್ಪು ಪಾಠ

ಶಿಕಾರಿಪುರ ತಾಲೂಕಿನ ಒಂದು ಹಳ್ಳಿಯ ದೇವಸ್ಥಾನದ ಅಂಗಳದಲ್ಲಿ ಒಂದು ವೀರಗಲ್ಲು ಇದೆ. ಇದೆ ಅಂದರೆ ಪೂರ್ತಿ ಇಲ್ಲ. ಜೀರ್ಣೋದ್ಧಾರದ ಹೊತ್ತಿನಲ್ಲಿ ಅಂಗಳಕ್ಕೆ ಕಾಂಕ್ರೀಟು ಹಾಕಿದಾಗ ಕಲ್ಲಿನ ಕೆಳಗಿನ ಒಂದು ಅಡಿ ಒಳಗೆ ಹೋಯಿತು, ಅದರ ಜೊತೆಗೆ ಕೆಳಪಟ್ಟಿಕೆಯ ಎರಡು ಸಾಲು ಬರಹವೂ ಹೋಯಿತು. ಯಾರೂ ಪಡಿಯಚ್ಚು ತೆಗೆದಿರಲಿಲ್ಲ. ಉಳಿದಿರುವುದು ಎರಡು ಫೋಟೋ ಮಾತ್ರ: 2005ರಲ್ಲಿ ನಾನು ಜೇಬಿನಲ್ಲಿ ಹಿಡಿಸುವ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದೊಂದು, ಅದಾಗಿ ಕೆಲವು ತಿಂಗಳ ಮೇಲೆ ನನ್ನ ಗೆಳೆಯನೊಬ್ಬ ಡಿಎಸ್‌ಎಲ್‌ಆರ್‌ನಲ್ಲಿ ತೆಗೆದದ್ದೊಂದು.

ಕೊನೆಯ ಸಾಲಿನಲ್ಲಿ ಸತ್ತ ವೀರನ ಹೆಸರು ಬರುತ್ತದೆ. ನನ್ನ ಫೋಟೋ ನೋಡಿ ನಾನು ‘ಕಾವಣ್ಣ’ ಎಂದು ಓದಿದ್ದೆ, ಹಾಗೇ ಬರೆದೂ ಇಟ್ಟಿದ್ದೆ. ಗೆಳೆಯನ ಫೋಟೋದಲ್ಲಿ ಅದು ‘ಕಾಮಣ್ಣ’ನಂತೆ ಕಾಣುತ್ತದೆ. 13ನೇ ಶತಮಾನದ ಲಿಪಿಯಲ್ಲಿ ವ ಮತ್ತು ಮ ಎಷ್ಟು ಹತ್ತಿರ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಬಲಕ್ಕೆ ಚಾಚಿದ ಒಂದು ಸಣ್ಣ ಎಳೆ ಇದ್ದರೆ ಮ, ಇಲ್ಲದಿದ್ದರೆ ವ. ಎರಡೂ ಆ ಕಾಲಕ್ಕೆ ಚೆನ್ನಾಗಿ ಒಪ್ಪುವ ಹೆಸರುಗಳೇ, ಹಾಗಾಗಿ ಅರ್ಥದ ದಾರಿಯಿಂದ ತೀರ್ಮಾನ ಮಾಡುವ ಹಾಗಿಲ್ಲ.

ವೀರಗಲ್ಲುಗಳ ಹೆಸರುಗಳ ಮೇಲೆ ಕೆಲಸ ಮಾಡುತ್ತಿರುವ ಒಬ್ಬ ವಿದ್ಯಾರ್ಥಿನಿ ಈಚೆಗೆ ಎರಡೂ ಚಿತ್ರಗಳನ್ನು ಮುಂದಿಟ್ಟು, "ಸರ್, ಯಾವುದನ್ನ ನಂಬಲಿ?" ಎಂದು ಕೇಳಿದಳು. ನಮ್ಮ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ನನ್ನದರಲ್ಲಿ "5.8 ಮಿ.ಮೀ." ಅಂತ ಇದೆ, ಗೆಳೆಯನದರಲ್ಲಿ "50 ಮಿ.ಮೀ." ಅಂತ ಇದೆ. ದೂರ ಇಬ್ಬರೂ ಬರೆದಿಲ್ಲ. ಗೆಳೆಯನಿಗೆ ಫೋನ್ ಮಾಡಿದರೆ ಅವನು ಗೆದ್ದವನ ಹಾಗೆ, "ನಂದು 50 ಕಣೋ, ಮನುಷ್ಯರ ಕಣ್ಣಿನ ಲೆನ್ಸು. ನಿಂದು 5.8, ಮೀನಿನ ಕಣ್ಣು. ಇನ್ನೇನು ಕೇಳ್ತೀಯ?" ಅಂದ.

ಅವನ ತೀರ್ಮಾನ ಸರಿ ಇತ್ತು, ಕೊಟ್ಟ ಕಾರಣಗಳು ಎರಡೂ ತಪ್ಪು. ಶಾಸನದ ಕೆಲಸದಲ್ಲಿ ಹೀಗೆ ತಪ್ಪು ಕಾರಣದಿಂದ ಸಿಕ್ಕ ಸರಿಯುತ್ತರ ಮುಂದಿನ ಕಲ್ಲಿನಲ್ಲಿ ಕೈಕೊಡುತ್ತದೆ. ಆದ್ದರಿಂದ ಈ ‘ಮಿ.ಮೀ.’ ಎಲ್ಲಿಂದ ಬಂತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎನ್ನುವುದನ್ನು ಸ್ವಲ್ಪ ಹಿಂದಿನಿಂದಲೇ ನೋಡೋಣ.

ನಮ್ಮ ನಾಡಿನ ಶಾಸನಗಳನ್ನು ಕ್ಯಾಮೆರಾ ಎದುರು ನಿಲ್ಲಿಸಿದ್ದು 19ನೇ ಶತಮಾನದ ನಡುಭಾಗದಲ್ಲಿ. ಡಾಕ್ಟರ್ ಪಿಗೌ ಮತ್ತು ಕರ್ನಲ್ ಬಿಗ್ಸ್ ಧಾರವಾಡ, ಬಿಜಾಪುರ, ಮೈಸೂರು ಸೀಮೆಗಳಲ್ಲಿ ತೆಗೆದ ಚಿತ್ರಗಳು ಫ್ಲೀಟರ ಕೈಗೆ ಬಂದು 1878ರ ಹಳಗನ್ನಡ ಶಾಸನಗಳ ಸಂಗ್ರಹದಲ್ಲಿ ಬಳಕೆಯಾದವು. ಅದಕ್ಕೂ ಮೊದಲು, 1865ರಲ್ಲಿ, ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಫೋಟೋ ತೆಗೆದಿದ್ದರು. ಬಿ.ಎಲ್. ರೈಸ್ ಅವರ 1879ರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹುಟ್ಟಿದ್ದೇ ಆ ಫೋಟೋಗಳನ್ನು ಓದಿ ಅನುವಾದಿಸುವ ಕೆಲಸದಿಂದ. ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ಬಂದದ್ದು ಆಮೇಲೆ, 1886ರಲ್ಲಿ. ಅಂದರೆ ಸಂಪುಟಗಳಿಗಿಂತ ಮೊದಲೇ ನಮ್ಮಲ್ಲಿ ಫೋಟೋ ನೋಡಿ ಪಾಠ ಓದುವುದು ಶುರುವಾಗಿತ್ತು. ಇವತ್ತು ಫೋಟೋ ನೋಡಿ ಓದುವವರನ್ನು ಮೂಗು ಮುರಿದು ನೋಡುವ ಹಿರಿಯರು ಇದನ್ನೊಮ್ಮೆ ನೆನೆಯಬಹುದು.

ಆ ಕಾಲದ ಫೋಟೋಗೆ ಇವತ್ತಿನ ಗೊಂದಲ ಇರಲಿಲ್ಲ. ಗಾಜಿನ ಫಲಕದ ಮೇಲೆ ಬಿಂಬ ಹಿಡಿದು, ಆ ಫಲಕವನ್ನು ಕಾಗದಕ್ಕೆ ತಾಗಿಸಿ ಬಿಸಿಲಿಗೆ ಇಟ್ಟು ಪ್ರತಿ ತೆಗೆಯುತ್ತಿದ್ದರು. ಫಲಕ ಎಷ್ಟು ದೊಡ್ಡದೋ ಚಿತ್ರ ಅಷ್ಟೇ ದೊಡ್ಡದು. ಅದಕ್ಕೇ ದೊಡ್ಡ ಫಲಕ ಬೇಕಿತ್ತು, ಎತ್ತಿನ ಗಾಡಿಯಲ್ಲಿ ಸಾಮಾನು ಹೊರಬೇಕಿತ್ತು. ‘ಪೂರ್ಣ ಫಲಕ’ ಎಂದು ಕರೆಯುತ್ತಿದ್ದ ಅಳತೆ ಆರೂವರೆ ಇಂಚಿಗೆ ಎಂಟೂವರೆ ಇಂಚು. ಅದರ ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 272 ಮಿ.ಮೀ. ಅಂಥ ಕ್ಯಾಮೆರಾದಲ್ಲಿ ಈಗ ನಾವು ‘50 ಮಿ.ಮೀ.’ ಅನ್ನುವ ನೋಟ ಸಿಗಬೇಕಾದರೆ 300 ಮಿ.ಮೀ.ಗಿಂತ ಉದ್ದದ ಲೆನ್ಸು ಬೇಕು. ಇದೇ 300 ಮಿ.ಮೀ. ಲೆನ್ಸನ್ನು ಈಗಿನ ಕ್ಯಾಮೆರಾಕ್ಕೆ ಹಾಕಿದರೆ ಗೋಪುರದ ತುದಿಯ ಗಿಳಿಯನ್ನು ಹಿಡಿಯಬಹುದು, ಎದುರಿಗಿರುವ ಶಾಸನದಲ್ಲಿ ನಾಲ್ಕು ಅಕ್ಷರ ಕಂಡರೆ ಹೆಚ್ಚು.

ಇನ್ನೊಂದು ಮಾತು. ಪಡಿಯಚ್ಚು ಎಂಬುದು ಕಲ್ಲಿನ ಜೊತೆಗೇ ಕಾಗದ ತಾಗಿಸಿ ತೆಗೆದ ಪ್ರತಿ. ಅಲ್ಲಿ ದೂರವೇ ಇಲ್ಲ, ಹಾಗಾಗಿ ನೋಟದ ಓರೆಯೂ ಇಲ್ಲ. ಅಚ್ಚು ಸಂಪುಟಕ್ಕೆ ಹೋಗುವಾಗ ಚಿಕ್ಕದಾದರೂ ಫಲಕದ ಅಂಚಿಗೆ ಪ್ರಮಾಣ ಹಾಕುವ ರೂಢಿ ಇತ್ತು. ಫೋಟೋಗೆ ಬಂದಾಗ ಆ ಶಿಸ್ತು ಯಾಕೋ ಸಡಿಲವಾಯಿತು.

35 ಮಿ.ಮೀ. ಎಂಬ ಸಂಖ್ಯೆ ಬಂದದ್ದು ಸಿನಿಮಾದಿಂದ. 1890ರ ದಶಕದಲ್ಲಿ ಎಡಿಸನ್ನರ ಪ್ರಯೋಗಶಾಲೆಯಲ್ಲಿ ರೂಢಿಗೆ ಬಂದ ಫಿಲ್ಮ್ ಪಟ್ಟಿಯ ಅಗಲ ಅದು, ಎರಡೂ ಅಂಚಿನ ತೂತುಗಳನ್ನು ಸೇರಿಸಿಕೊಂಡು. ಅದರ ಮೇಲೆ ಸಿನಿಮಾದ ಒಂದು ಚೌಕಟ್ಟು 18ಕ್ಕೆ 24 ಮಿ.ಮೀ. ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಓಸ್ಕರ್ ಬಾರ್ನಾಕ್ ಆ ಪಟ್ಟಿಯನ್ನು ಅಡ್ಡ ಓಡಿಸಿ, ಎರಡು ಚೌಕಟ್ಟು ಸೇರಿಸಿ 24ಕ್ಕೆ 36 ಮಾಡಿದರು. 1925ರಲ್ಲಿ ಲೈಪ್‌ಸಿಗ್ ಜಾತ್ರೆಯಲ್ಲಿ ಲೈಕಾ ಹೊರಬಂತು, ಅದರಲ್ಲಿದ್ದದ್ದು 50 ಮಿ.ಮೀ. ಲೆನ್ಸು. ಗೆಳೆಯ ಹೇಳುವ ‘ಮನುಷ್ಯರ ಕಣ್ಣು’ ಇಲ್ಲಿಂದ ಬಂದದ್ದು. 24ಕ್ಕೆ 36ರ ಕರ್ಣ 43 ಮಿ.ಮೀ., 50 ಅದಕ್ಕೆ ಹತ್ತಿರ, ಅಷ್ಟೇ. ಆ ಚೌಕಟ್ಟು ಬಿಟ್ಟು 50ಕ್ಕೂ ಮನುಷ್ಯರ ಕಣ್ಣಿಗೂ ಯಾವ ನಂಟೂ ಇಲ್ಲ.

ಮುಂದಿನ ಎಪ್ಪತ್ತು ವರ್ಷ ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಇದೇ ಚೌಕಟ್ಟು. ಹಾಗಾಗಿ 28 ಅಂದರೆ ಅಗಲ ನೋಟ, 50 ಅಂದರೆ ಸಾಧಾರಣ, 135 ಅಂದರೆ ದೂರದ್ದು ಎಂದು ಬಾಯಿಪಾಠವಾಯಿತು. ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ಶಾಲೆಯಲ್ಲಿ ಸಂಗಮದೂರ ಅಂತ ಓದಿದ್ದು, ನೋಟದ ಅಗಲದ ಹೆಸರಾಗಿಬಿಟ್ಟಿತು. ಚೌಕಟ್ಟು ಒಂದೇ ಇರುವ ತನಕ ಇದರಿಂದ ತೊಂದರೆ ಇರಲಿಲ್ಲ.

ಬಳ್ಳಿಗಾವೆಯ ಸೀಮೆಯ ಶಾಸನ ಓದಿದವರಿಗೆ ಈ ಕಥೆ ಹೊಸದಲ್ಲ. ದಾನದ ಭೂಮಿ ಇಷ್ಟು ಮತ್ತರು ಎಂದು ಬರೆದರೆ ಸಾಲದು, ಯಾವ ಗಳೆಯಲ್ಲಿ ಅಳೆದದ್ದು ಎಂದೂ ಹೇಳಬೇಕು. ಭೇರುಂಡ ಗಳೆ ಎಂದು ಹೆಸರಿಸಿ ಅಳೆದ ದಾನಗಳು ಅಲ್ಲೇ ಇವೆ. ಗಳೆ ಉದ್ದವಾದರೆ ಮತ್ತರು ದೊಡ್ಡದು, ಗಿಡ್ಡವಾದರೆ ಚಿಕ್ಕದು. ಊರಿನವರಿಗೆಲ್ಲ ಗೊತ್ತಿರುವ ಗಳೆಯಾದರೆ ಹೆಸರು ಬಿಟ್ಟರೂ ನಡೆಯುತ್ತದೆ. ಎಂಟುನೂರು ವರ್ಷದ ಮೇಲೆ ಕೂತು ಲೆಕ್ಕ ಹಾಕುವ ನಮಗೆ ನಡೆಯುವುದಿಲ್ಲ. ಫೋಟೋದ ವಿಷಯದಲ್ಲಿ ಗಳೆ ಅಂದರೆ ಸೆನ್ಸರಿನ ಅಳತೆ, ಮತ್ತರು ಅಂದರೆ ಮಿ.ಮೀ. ನಾವಿಬ್ಬರೂ ಮತ್ತರು ಬರೆದು ಗಳೆ ಬಿಟ್ಟಿದ್ದೆವು.

ಗಳೆಗಳು ಹಲವಾದದ್ದು ಡಿಜಿಟಲ್ ಬಂದಾಗ. ಸಿಲಿಕಾನ್ ಬಿಲ್ಲೆಯಿಂದ ದೊಡ್ಡ ಸೆನ್ಸರ್ ಕತ್ತರಿಸಿದರೆ ತುಂಡು ಕಡಿಮೆ ಸಿಗುತ್ತದೆ, ಕೆಟ್ಟುಹೋಗುವುದೂ ಹೆಚ್ಚು, ಬೆಲೆ ಏರುತ್ತದೆ. ಅದಕ್ಕೆ 1999ರ ನಿಕಾನ್ ಡಿ1, 2000ದ ಕ್ಯಾನನ್ ಡಿ30 ಇವುಗಳಲ್ಲಿ ಸೆನ್ಸರು ಫಿಲ್ಮ್ ಚೌಕಟ್ಟಿನ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣದ್ದು, ಉದ್ದ 23 ಮಿ.ಮೀ. ಆಸುಪಾಸು. ಎಪಿಎಸ್-ಸಿ ಎಂಬ ಹೆಸರು 1996ರ ಒಂದು ಫಿಲ್ಮ್ ಮಾದರಿಯಿಂದ ಬಂದದ್ದು. ಆ ಫಿಲ್ಮ್ ಹೋಯಿತು, ಹೆಸರು ಉಳಿಯಿತು. ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ ಕ್ಯಾನನ್ 1ಡಿಎಸ್ 2002ರಲ್ಲಿ ಬಂತು, ಅದು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. 2003ರಲ್ಲಿ ಒಲಿಂಪಸ್ ಇ-1 ತಂದ ಫೋರ್ ಥರ್ಡ್ಸ್ ಸೆನ್ಸರು 17.3ಕ್ಕೆ 13 ಮಿ.ಮೀ. ಇನ್ನು ಜೇಬಿನ ಕ್ಯಾಮೆರಾಗಳ ‘1/2.5 ಇಂಚು’ ಅನ್ನುವ ಅಳತೆ ಇದೆಯಲ್ಲ, ಅದನ್ನು ಸ್ಕೇಲಿಟ್ಟು ಹುಡುಕಬೇಡಿ, ಸಿಗುವುದಿಲ್ಲ. ಹಳೆಯ ಟಿವಿ ಕ್ಯಾಮೆರಾದ ಗಾಜಿನ ಕೊಳವೆಯ ಹೊರ ವ್ಯಾಸದ ಲೆಕ್ಕ ಅದು. ಬಿಂಬ ಬೀಳುವ ಜಾಗ ಅದರ ಮೂರನೇ ಎರಡು ಪಾಲು ಮಾತ್ರ. ನನ್ನ ಕ್ಯಾಮೆರಾದ ಸೆನ್ಸರು ನಿಜಕ್ಕೂ 5.76ಕ್ಕೆ 4.29 ಮಿ.ಮೀ., ಕಿರುಬೆರಳಿನ ಉಗುರಿಗಿಂತ ಚಿಕ್ಕದು.

ಈ ಗಳೆಗಳನ್ನೆಲ್ಲ ಒಂದಕ್ಕೊಂದು ಹೊಂದಿಸಲು ಫೋಟೋದವರು ಹಳೆಯ 24ಕ್ಕೆ 36ರ ಚೌಕಟ್ಟನ್ನೇ ಮೂಲ ಗಳೆ ಮಾಡಿಕೊಂಡರು. ಅದರ ಕರ್ಣ 43.3 ಮಿ.ಮೀ.ಯನ್ನು ನಿಮ್ಮ ಸೆನ್ಸರಿನ ಕರ್ಣದಿಂದ ಭಾಗಿಸಿದರೆ ಬರುವುದು ಕ್ರಾಪ್ ಫ್ಯಾಕ್ಟರ್. ನಿಕಾನ್ ಎಪಿಎಸ್-ಸಿಗೆ 1.5, ಕ್ಯಾನನ್ನಿಗೆ 1.6, ಫೋರ್ ಥರ್ಡ್ಸ್‌ಗೆ 2, ನನ್ನ ಜೇಬಿನ ಕ್ಯಾಮೆರಾಕ್ಕೆ 6. ಅದರಿಂದ ಫೋಕಲ್ ಲೆಂಗ್ತನ್ನು ಗುಣಿಸಿದರೆ ‘35 ಮಿ.ಮೀ. ಸಮಾನ’ ಸಂಖ್ಯೆ ಸಿಗುತ್ತದೆ. ನನ್ನ 5.8 ಗುಣಿಸು 6, ಅಂದರೆ 35. ಮೀನಿನ ಕಣ್ಣೇನಲ್ಲ, ಸ್ವಲ್ಪ ಅಗಲದ ನೋಟ. ಗೆಳೆಯನ 50 ಗುಣಿಸು 1.5, ಅಂದರೆ 75. ಅದೂ ಅವನು ಅಂದುಕೊಂಡ ಸಾಧಾರಣ ನೋಟವಲ್ಲ, ಬದಲಿಗೆ ಮುಖಚಿತ್ರ ತೆಗೆಯುವವರು ಇಷ್ಟಪಡುವ ಇಕ್ಕಟ್ಟಿನ ನೋಟ.

ಇಲ್ಲಿ ಜನ ಎಡವುವುದು ಸಾಮಾನ್ಯ. "ಎಪಿಎಸ್-ಸಿಗೆ ಹಾಕಿದರೆ 50 ಲೆನ್ಸು 75 ಆಗುತ್ತೆ" ಅಂತ ಕ್ಯಾಮೆರಾ ಅಂಗಡಿಯವರೇ ಹೇಳುತ್ತಾರೆ. ಆಗುವುದಿಲ್ಲ. ಲೆನ್ಸಿಗೆ ಹಿಂದೆ ಯಾವ ಸೆನ್ಸರಿದೆ ಎಂಬುದು ಗೊತ್ತೇ ಇಲ್ಲ, ಅದು ಅದೇ ಬಿಂಬ ಬೀಳಿಸುತ್ತದೆ, ಚಿಕ್ಕ ಸೆನ್ಸರು ಆ ಬಿಂಬದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಅಪರ್ಚರಿನಲ್ಲೂ ಹಾಗೇ. ಎಫ್/8 ಯಾವ ಸೆನ್ಸರಿನಲ್ಲೂ ಎಫ್/8ರ ಎಕ್ಸ್‌ಪೋಷರನ್ನೇ ಕೊಡುತ್ತದೆ. ಆದರೆ ಎಷ್ಟು ಆಳದ ತನಕ ಚಿತ್ರ ಸ್ಪಷ್ಟವಾಗಿ ನಿಲ್ಲುತ್ತದೆ ಎನ್ನುವ ಪ್ರಶ್ನೆಗೆ ಮಾತ್ರ ಕ್ರಾಪ್ ಫ್ಯಾಕ್ಟರಿನಿಂದ ಗುಣಿಸಬೇಕು. ಫೋರ್ ಥರ್ಡ್ಸ್‌ನಲ್ಲಿ 25 ಮಿ.ಮೀ. ಎಫ್/4 ತೆಗೆದುಕೊಳ್ಳಿ, ಫಿಲ್ಮ್ ಚೌಕಟ್ಟಿನಲ್ಲಿ 50 ಮಿ.ಮೀ. ಎಫ್/8 ತೆಗೆದುಕೊಳ್ಳಿ: ಎರಡರಲ್ಲೂ ಬೆಳಕು ಹೊಗುವ ಕಂಡಿಯ ವ್ಯಾಸ 6.25 ಮಿ.ಮೀ., ಒಂದೇ ಜಾಗದಿಂದ ತೆಗೆದರೆ ಚಿತ್ರದ ಆಳವೂ ಒಂದೇ. ಜೇಬಿನ ಕ್ಯಾಮೆರಾದ ಎಫ್/2.8 ಆಗಲೇ ಎಫ್/16ರಷ್ಟು ಆಳ ಕೊಟ್ಟಿರುತ್ತದೆ. ಪುಸ್ತಕದಲ್ಲಿ ‘ಶಿಲ್ಪಕ್ಕೆ ಎಫ್/8 ಒಳ್ಳೆಯದು’ ಎಂದು ಓದಿ ಅಂಥ ಕ್ಯಾಮೆರಾದಲ್ಲೂ ಎಫ್/8 ಇಟ್ಟರೆ ವಿವರ್ತನೆಯಿಂದ ಅಕ್ಷರದ ಅಂಚು ಮಂಕಾಗುತ್ತದೆ. ನಾನು ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ.

ಇಷ್ಟೆಲ್ಲ ಆದ ಮೇಲೂ ‘ಸಮಾನ’ ಎನ್ನುವುದು ನೋಟದ ಕೋನಕ್ಕೆ ಮಾತ್ರ ಸಮಾನ. ಅಕ್ಷರ ಹೇಗೆ ಕಾಣುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಲೆನ್ಸೂ ಅಲ್ಲ, ಸೆನ್ಸರೂ ಅಲ್ಲ. ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದು. ಒಂದೇ ಜಾಗದಲ್ಲಿ ನಿಂತು ಹತ್ತು ಲೆನ್ಸು ಬದಲಿಸಿದರೂ ಕಲ್ಲಿನ ಯಾವ ಭಾಗ ಯಾವುದಕ್ಕೆ ಮರೆಯಾಗುತ್ತದೆ ಎಂಬುದು ಬದಲಾಗದು. ಲೆನ್ಸು ನಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಎಂಬಲ್ಲಿ ಅದರ ಪಾತ್ರ. ಅಗಲದ ಲೆನ್ಸಿದ್ದರೆ ಹತ್ತಿರ ಹೋಗುತ್ತೇವೆ, ಇಕ್ಕಟ್ಟಿನದಿದ್ದರೆ ಹಿಂದೆ ಸರಿಯುತ್ತೇವೆ.

ಹಾಗಾದರೆ ನಾವಿಬ್ಬರೂ ಎಲ್ಲಿದ್ದೆವು? ಬರೆದಿಡದಿದ್ದರೂ ಚಿತ್ರದಿಂದಲೇ ತೆಗೆಯಬಹುದು, ಸೆನ್ಸರು ಗೊತ್ತಿದ್ದರೆ. ಪುಣ್ಯಕ್ಕೆ ಎರಡರದೂ ಅಂಚು ಕತ್ತರಿಸದ ಮೂಲ ಫೈಲು ಸಿ.ಡಿ.ಯಲ್ಲಿ ಉಳಿದಿತ್ತು. ಮತ್ತೆ ಆ ಊರಿಗೆ ಹೋಗಿ ಕಾಂಕ್ರೀಟಿನ ಮೇಲೆ ಉಳಿದ ಭಾಗದಲ್ಲಿ, ಕಲ್ಲಿನ ನಡುಮಟ್ಟದಲ್ಲಿ ಅಗಲ ಅಳೆದೆ: 62 ಸೆಂ.ಮೀ. ಗೆಳೆಯನ ಚಿತ್ರದಲ್ಲಿ ಆ ಅಗಲ ಚೌಕಟ್ಟಿನ ಅಗಲದ ಮೂರನೇ ಎರಡು ಪಾಲು ತುಂಬಿದೆ. ಅವನ ಸೆನ್ಸರಿನ ಆ ಬದಿ ಸುಮಾರು 15.7 ಮಿ.ಮೀ., ಅದರ ಮೂರನೇ ಎರಡು ಪಾಲು ಹತ್ತೂವರೆಯ ಹತ್ತಿರ. 620 ಮಿ.ಮೀ. ಕಲ್ಲು ಹತ್ತೂವರೆ ಮಿ.ಮೀ. ಆಗಿದೆ, ಅಂದರೆ 60 ಪಟ್ಟು ಕುಗ್ಗಿದೆ. 60 ಗುಣಿಸು 50 ಮಿ.ಮೀ., ಮೂರು ಮೀಟರು. ಇದೇ ಲೆಕ್ಕವನ್ನು ‘50 ಅಂದರೆ ಫಿಲ್ಮ್ ಚೌಕಟ್ಟಿನ 50’ ಅಂದುಕೊಂಡು ಮಾಡಿದರೆ ಎರಡು ಮೀಟರು ಬರುತ್ತದೆ. ಗಳೆ ತಪ್ಪಿದರೆ ಒಂದು ಮೀಟರು ತಪ್ಪುತ್ತದೆ. ನನ್ನ ಚಿತ್ರದ ಲೆಕ್ಕ ಹಾಗೇ ಹಾಕಿದಾಗ ಬಂದದ್ದು 1.4 ಮೀಟರು. ಅವನ ಅರ್ಧಕ್ಕಿಂತ ಕಡಿಮೆ ದೂರ.

ಈಗ ಅಕ್ಷರಕ್ಕೆ ಬರೋಣ. ಕಾಂಕ್ರೀಟಿಗೆ ಮೊದಲು ಕಲ್ಲಿನ ಎತ್ತರ 1.3 ಮೀಟರು. ಇಬ್ಬರೂ ಮಂಡಿಯೂರಿ ಕಲ್ಲಿನ ನಡುಮಟ್ಟದಿಂದ ತೆಗೆದಿದ್ದೇವೆ, ಆ ಅಕ್ಷರ ಅಲ್ಲಿಂದ ಅರ್ಧ ಮೀಟರು ಕೆಳಗೆ, ಹೆಚ್ಚುಕಡಿಮೆ ನಡುಗೆರೆಯಲ್ಲಿ. ಮೂರು ಮೀಟರಿನಿಂದ ನೋಡಿದವನಿಗೆ ಅದು ಒಂಬತ್ತೂವರೆ ಡಿಗ್ರಿ ಓರೆ, 1.4 ಮೀಟರಿನಿಂದ ನೋಡಿದ ನನಗೆ ಸುಮಾರು 20 ಡಿಗ್ರಿ. ಉಳಿದಿರುವ ಸಾಲುಗಳಲ್ಲಿ ಅಳೆದಾಗ ಉಳಿಯ ಗೀರು 4 ಮಿ.ಮೀ. ಅಗಲ, 3 ಮಿ.ಮೀ. ಆಳ, ಬುಡ ಚೂಪು. ಎರಡೂ ಚಿತ್ರದಲ್ಲಿ ಬಿಸಿಲು ಮೇಲಿನಿಂದ ಬೀಳುತ್ತಿದೆ. ಅಡ್ಡ ಗೀರಿನಲ್ಲಿ ಮೇಲಿನ ಗೋಡೆ ನೆರಳು, ಕೆಳಗಿನ ಗೋಡೆ ಬೆಳಕು. ನಾವು ಅಕ್ಷರ ಅಂತ ಓದುವುದು ಆ ನೆರಳನ್ನು. ಮೇಲಿನಿಂದ ಓರೆಯಾಗಿ ನೋಡಿದಷ್ಟೂ ಆ ನೆರಳುಗೋಡೆ ಕಿರಿದಾಗುತ್ತದೆ, ಬೆಳಕಿನ ಗೋಡೆ ಹಿಗ್ಗಿ ಕಲ್ಲಿನ ಮೈಯಲ್ಲಿ ಸೇರಿಹೋಗುತ್ತದೆ.

ಲೆಕ್ಕ ಹಾಕಿದರೆ ಗೆಳೆಯನ ಜಾಗದಿಂದ ಕಾಣುವ ನೆರಳಿನ ಪಟ್ಟಿ ಸುಮಾರು 1.5 ಮಿ.ಮೀ., ನನ್ನ ಜಾಗದಿಂದ 0.85 ಮಿ.ಮೀ. ಅವನ ಆರು ಮೆಗಾಪಿಕ್ಸೆಲ್ ಚಿತ್ರದಲ್ಲಿ ಅದು ಮೂರು ಪಿಕ್ಸೆಲ್, ನನ್ನ ಐದು ಮೆಗಾಪಿಕ್ಸೆಲ್ಲಿನಲ್ಲಿ ಒಂದೂವರೆ. ಜೆಪೆಗ್ ಮಾಡುವಾಗ ಒಂದೂವರೆ ಪಿಕ್ಸೆಲ್ ಉಳಿದರೆ ಅದೃಷ್ಟ. ನನ್ನ ಚಿತ್ರದಲ್ಲಿ ಆ ಅಕ್ಷರದ ಉದ್ದ ಗೀರುಗಳು ಚೆನ್ನಾಗೇ ಕಾಣುತ್ತವೆ, ಯಾಕೆಂದರೆ ಪಕ್ಕಕ್ಕೆ ಓರೆ ಇಲ್ಲ. ಹೋಗಿರುವುದು ಅಡ್ಡ ಎಳೆಗಳು ಮಾತ್ರ. ಮ ಅಕ್ಷರವನ್ನು ಮ ಮಾಡುವ ಆ ಬಲದ ಎಳೆ ಅಡ್ಡದ್ದು.

ಇದು ನನ್ನ ಮನಸ್ಸಿನ ಸಮಾಧಾನಕ್ಕೆ ಕಟ್ಟಿಕೊಂಡ ಲೆಕ್ಕವೋ ಏನೋ ಎಂದು ಅದೇ ಚಿತ್ರದ ಬೇರೆ ಅಕ್ಷರಗಳನ್ನೂ ನೋಡಿದೆ. ಕಲ್ಲಿನ ನಡುವಿನ ಪಟ್ಟಿಕೆಯಲ್ಲಿ ಎರಡು ಮ ಇವೆ, ನನ್ನ ಚಿತ್ರದಲ್ಲಿ ಎರಡಕ್ಕೂ ಎಳೆ ಸ್ಪಷ್ಟ. ಕೊನೆಯ ಸಾಲಿನ ಹಿಂದಿನ ಸಾಲಿನಲ್ಲಿ ಒಂದು ಮ ಇದೆ, ಪದದ ಅರ್ಥದಿಂದ ಅದು ಮ ಎಂಬುದು ಖಚಿತ. ನನ್ನ ಚಿತ್ರದಲ್ಲಿ ಅದೂ ವ ಥರ ಕಾಣುತ್ತದೆ. ಅದನ್ನು ಓದುವಾಗ ಅರ್ಥ ಗೊತ್ತಿದ್ದುದರಿಂದ ನನ್ನ ಕಣ್ಣೇ ಎಳೆಯನ್ನು ಸೇರಿಸಿಕೊಂಡಿತ್ತು. ಹೆಸರಿನಲ್ಲಿ ಸೇರಿಸಿಕೊಳ್ಳಲಿಲ್ಲ.

ಈಗ ಕಲ್ಲಿನ ಎದುರು ನಿಂತಾಗ ನಾಲ್ಕು ಸಂಗತಿ ಬರೆಯುತ್ತೇನೆ: ಕ್ಯಾಮೆರಾದ ಮಾದರಿ, ಲೆನ್ಸಿನ ಮೇಲಿರುವ ನಿಜವಾದ ಮಿ.ಮೀ., ಟೇಪಿನಿಂದ ಅಳೆದ ದೂರ, ನೆಲದಿಂದ ಕ್ಯಾಮೆರಾ ಎಷ್ಟು ಎತ್ತರ. ಮಾದರಿ ಇದ್ದರೆ ಸೆನ್ಸರು ಹುಡುಕಿಕೊಳ್ಳಬಹುದು. ಕ್ಯಾಮೆರಾ ತಾನೇ ಫೈಲಿನೊಳಗೆ ಎಕ್ಸಿಫ್ ಮಾಹಿತಿ ಬರೆಯುತ್ತದಲ್ಲ ಅನ್ನಬಹುದು. ಹೌದು, 2002ರ ಎಕ್ಸಿಫ್ 2.2ರಿಂದ 35 ಮಿ.ಮೀ. ಸಮಾನ ಸಂಖ್ಯೆಗೂ ಒಂದು ಜಾಗ ಇದೆ, ಮೊಬೈಲುಗಳು ಅದನ್ನು ತುಂಬುತ್ತವೆ. ಆದರೆ ದೂರವನ್ನು ಅದರಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಮೆಸೇಜಿನಲ್ಲಿ ಫೋಟೋ ಕಳಿಸಿದರೆ ಬಹಳ ಸಲ ಆ ಮಾಹಿತಿಯೆಲ್ಲ ಉದುರಿಹೋಗಿರುತ್ತದೆ, ಚಿತ್ರವೂ ಕುಗ್ಗಿರುತ್ತದೆ. ಓದಲು ಕಳಿಸುವವರು ದಯವಿಟ್ಟು ಮೂಲ ಫೈಲನ್ನು ಡಾಕ್ಯುಮೆಂಟಾಗಿ ಕಳಿಸಿ.

ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 28 ಮಿ.ಮೀ. ಸಮಾನ, ನನ್ನ ಹಳೆಯ ಜೇಬಿನ ಕ್ಯಾಮೆರಾಕ್ಕಿಂತಲೂ ಅಗಲ. ಆಳೆತ್ತರದ ಕಲ್ಲನ್ನು ಅದರಲ್ಲಿ ತುಂಬಿಸಲು ಹೋದರೆ ಮೇಲಿನ ಮತ್ತು ಕೆಳಗಿನ ಸಾಲುಗಳು 30 ಡಿಗ್ರಿಗೂ ಮೀರಿ ಓರೆಯಾಗುತ್ತವೆ. ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸುವುದು ವಾಸಿ. ಇಲ್ಲವೇ ಸಾಲು ಸಾಲಿಗೂ ಕ್ಯಾಮೆರಾವನ್ನು ಆ ಸಾಲಿನ ಮಟ್ಟಕ್ಕೇ ಇಳಿಸಿ ಬೇರೆ ಬೇರೆ ತೆಗೆಯಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಮಾಡುತ್ತಿರುವಂತೆ ಕಲ್ಲನ್ನೇ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದರೆ ಈ ರಗಳೆ ಇಲ್ಲವೇ ಇಲ್ಲ, ಬೇಕಾದ ಕಡೆಯಿಂದ ನೋಡಬಹುದು, ಬೆಳಕನ್ನೂ ತಿರುಗಿಸಬಹುದು. ಆದರೆ ಮುಳುಗಿಹೋದ, ಒಡೆದುಹೋದ ಕಲ್ಲುಗಳಿಗೆ ಹಳೆಯ ಫೋಟೋಗಳೇ ಗತಿ. ಅವುಗಳನ್ನು ಓದುವಾಗ ತೆಗೆದವರು ಎಲ್ಲಿ ನಿಂತಿದ್ದರು ಎಂದು ಮೊದಲು ಕೇಳಿಕೊಳ್ಳಬೇಕು.

ವಿದ್ಯಾರ್ಥಿನಿಗೆ ಲೆಕ್ಕವನ್ನೆಲ್ಲ ಬರೆದು ಕಳಿಸಿದೆ. ಗೆಳೆಯನಿಗೂ ಹೇಳಿದೆ. "ನಾನು ಮೊದಲೇ ಹೇಳಿದ್ನಲ್ಲ" ಅಂದ. ನನ್ನ ಪಾಠದಲ್ಲಿ ಈಗ ‘ಕಾ[ಮ]ಣ್ಣ’ ಎಂದು ತಿದ್ದಿದ್ದೇನೆ. ಅಕ್ಷರದ ಪಕ್ಕದಲ್ಲಿ ಒಂದು ಚಕ್ಕೆ ಎದ್ದ ಗುರುತೂ ಇದೆ, ಹಾಗಾಗಿ ಆ ಕಾಂಕ್ರೀಟನ್ನು ಯಾರಾದರೂ ಎಬ್ಬಿಸುವ ತನಕ ಚೌಕ ಕಂಸ ತೆಗೆಯುವುದಿಲ್ಲ.